ನಾಲ್ಕು ಬದುಗಳು, ಒಂದು ಕರ್ಣ

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯ ಸೀಮೆಯಲ್ಲಿ ನಾಲ್ಕು ಬದುಗಳ ಒಂದು ತೊಗರಿ ಹೊಲ ಇದೆಯೆಂದು ಇಟ್ಟುಕೊಳ್ಳೋಣ. ಪ್ರತಿ ಬದುವಿನ ಉದ್ದ 330 ಅಡಿ. ಭೂಮಾಪಕರ 33 ಅಡಿ ಸರಪಳಿಯಲ್ಲಿ ಹೇಳುವುದಾದರೆ ಸರಿಯಾಗಿ 10 ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹಾಗಾದರೆ ಈ ಹೊಲ ಎಷ್ಟಾಯಿತು? ಎದುರುಬದುರಿನ ಬದುಗಳನ್ನು ಕೂಡಿಸಿ ಅರ್ಧ ಮಾಡು, ಉಳಿದೆರಡನ್ನೂ ಹಾಗೆಯೇ ಮಾಡು, ಬಂದ ಎರಡು ಸಂಖ್ಯೆಗಳನ್ನು ಗುಣಿಸು ಎಂಬ ಹಳೆಯ ರೂಢಿ ಒಂದಿದೆ. ಅದರಂತೆ ಹತ್ತು ಹತ್ತಲಿ ನೂರು ಗುಂಟೆ, ಅಂದರೆ 2 ಎಕರೆ 20 ಗುಂಟೆ. ಬಹಳ ಜನ ಇಷ್ಟಕ್ಕೇ ಲೆಕ್ಕ ಮುಗಿಸಿ ವ್ಯವಹಾರಕ್ಕೆ ಕೂರುತ್ತಾರೆ. ಆದರೆ ನಾಲ್ಕು ಬದುಗಳ ಉದ್ದ ಮಾತ್ರ ಗೊತ್ತಿದ್ದರೆ ಹೊಲದ ವಿಸ್ತೀರ್ಣವನ್ನು ಯಾರೂ ಹೇಳಲಾರರು. ನಾಲ್ಕು ಪಟ್ಟಿಗಳನ್ನು ಮೂಲೆಗೊಂದೇ ಮೊಳೆ ಹೊಡೆದು ಕೂಡಿಸಿ ನೋಡಿ: ಚೌಕಟ್ಟು ಒಂದೆಡೆ ನಿಲ್ಲದೆ ವಾಲುತ್ತದೆ. ಪಟ್ಟಿಗಳ ಉದ್ದ ಬದಲಾಗದಿದ್ದರೂ ಒಳಗಿನ ಜಾಗ ಕುಗ್ಗುತ್ತಾ ಹೋಗುತ್ತದೆ. ಬಾಗಿಲ ಚೌಕಟ್ಟನ್ನು ಗೋಡೆಗೆ ಕೂಡಿಸುವವರೆಗೆ ಬಡಗಿ ಮೂಲೆಯಿಂದ ಮೂಲೆಗೆ ಒಂದು ಅಡ್ಡಪಟ್ಟಿ ಹೊಡೆದಿಡುವುದು ಇದಕ್ಕೇ. ನಮ್ಮ ಹೊಲದ ಒಂದು ಮೂಲೆಯ ಕೋನ 60 ಡಿಗ್ರಿ ಇದ್ದರೆ ಅದು ಎರಡು ಸಮಬಾಹು ತ್ರಿಭುಜಗಳಾಗಿ ಒಡೆಯುತ್ತದೆ, ವಿಸ್ತೀರ್ಣ 86.6 ಗುಂಟೆಗೆ ಇಳಿಯುತ್ತದೆ. ರೂಢಿಯ ಲೆಕ್ಕ ನಂಬಿ ಕೊಂಡವನಿಗೆ 13 ಗುಂಟೆಗೂ ಮಿಕ್ಕಿ ನೆಲ ಕಾಗದದ ಮೇಲೆ ಮಾತ್ರ ಸಿಕ್ಕಿರುತ್ತದೆ.

ಈ ಹೊಲವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಪ್ರೌಢಶಾಲೆಯಲ್ಲಿ ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ ಎಂಬ ಮೂರು ಹೆಸರುಗಳಲ್ಲಿ ನಾವು ಕಲಿಸುವುದೆಲ್ಲ ಈ ಒಂದೇ ಪ್ರಶ್ನೆಯೊಳಗೆ ಅಡಗಿದೆ. ಎಂಟನೆಯ ತರಗತಿಯಿಂದ ಹತ್ತನೆಯವರೆಗೆ ಮಕ್ಕಳಿಗೆ ಅವು ಸಿಗುವ ರೀತಿಯೇ ಬೇರೆ. ಬಹುಪದೋಕ್ತಿ ಒಂದು ಪಾಠ, ಅದರ ಸೂತ್ರಗಳು ಒಂದು ಪುಟ. ತ್ರಿಭುಜ ಇನ್ನೊಂದು ಪಾಠ, ಅದರ ಪ್ರಮೇಯಗಳು ಇನ್ನೊಂದು ಪುಟ. ಕೊನೆಗೆ ಸೈನ್, ಕಾಸ್, ಟ್ಯಾನ್‌ಗಳ ಕೋಷ್ಟಕ. ಒಂದು ಪಾಠದಲ್ಲಿ ಕಲಿತದ್ದು ಇನ್ನೊಂದರಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಹೇಳುವವರು ಕಡಿಮೆ. ಸೂತ್ರ ಯಾವ ಷರತ್ತಿನ ಮೇಲೆ ನಿಂತಿದೆ ಎಂದು ಹೇಳುವವರು ಇನ್ನೂ ಕಡಿಮೆ. ಗಡಿನಾಡಿನ ಮಕ್ಕಳು ಗಣಿತದಲ್ಲಿ ಹಿಂದೆ ಬಿದ್ದರೆ ನಾವು ಬುದ್ಧಿಯನ್ನೋ ಶ್ರದ್ಧೆಯನ್ನೋ ಬೈಯುತ್ತೇವೆ. ನನ್ನ ವಾದ ಬೇರೆ. ಮಕ್ಕಳಿಗೆ ಸೂತ್ರಗಳ ಕೊರತೆ ಇಲ್ಲ, ಅವು ಅಗತ್ಯಕ್ಕಿಂತ ಹೆಚ್ಚೇ ಸಿಗುತ್ತಿವೆ. ಆ ಸೂತ್ರಗಳ ಕಾರಣ ಮಾತ್ರ ಅವರನ್ನು ತಲುಪುತ್ತಿಲ್ಲ. ಕಾರಣದೊಡನೆ ಕಲಿತ ಹತ್ತು ಸೂತ್ರಗಳು ಬಾಯಿಪಾಠದ ನೂರು ಸೂತ್ರಗಳಿಗಿಂತ ಪರೀಕ್ಷೆಯಲ್ಲೂ ಬಾಳುತ್ತವೆ, ಹೊಲದಲ್ಲೂ ಬಾಳುತ್ತವೆ.

ಮೊದಲು ಹೊಲದ ಪ್ರಶ್ನೆಯನ್ನೇ ಮುಗಿಸೋಣ. ಬಾನುಲಿಯಲ್ಲಿ ಚಿತ್ರ ಬರೆದು ತೋರಿಸಲಾಗದು, ಕೈಗೆ ಸಿಕ್ಕ ಕಾಗದದ ಮೇಲೆ ಒಂದು ವಕ್ರ ಚತುರ್ಭುಜ ಬರೆದುಕೊಳ್ಳಿ. ಸುತ್ತಲೂ ಬದುಗಳಿಗೆ ಕ, ಖ, ಗ, ಘ ಎಂದು ಹೆಸರಿಡಿ. ಮೂಲೆಯಿಂದ ಮೂಲೆಗೆ ಒಂದು ಕರ್ಣ ಎಳೆದರೆ ಹೊಲ ಎರಡು ತ್ರಿಭುಜಗಳಾಗುತ್ತದೆ: ಒಂದರಲ್ಲಿ ಕ ಮತ್ತು ಖ, ಇನ್ನೊಂದರಲ್ಲಿ ಗ ಮತ್ತು ಘ. ತ್ರಿಭುಜದ ವಿಸ್ತೀರ್ಣ ಪಾದ ಗುಣಿಸು ಎತ್ತರದ ಅರ್ಧ. ಕ ಪಾದವಾದರೆ ಎತ್ತರವು ಖ ಬದುವಿನ ತುದಿಯಿಂದ ಇಳಿದ ಲಂಬ. ಒಂದು ಬಿಂದುವಿನಿಂದ ಒಂದು ಗೆರೆಗೆ ಇರುವ ದಾರಿಗಳಲ್ಲಿ ಲಂಬವೇ ಅತಿ ಚಿಕ್ಕದು, ಆದ್ದರಿಂದ ಎತ್ತರ ಖ ಬದುವನ್ನು ಮೀರಲಾರದು. ಅಂದರೆ ಮೊದಲ ತ್ರಿಭುಜ ಕಖ ಗುಣಲಬ್ಧದ ಅರ್ಧವನ್ನು ದಾಟುವುದಿಲ್ಲ, ಎರಡನೆಯದು ಗಘ ಗುಣಲಬ್ಧದ ಅರ್ಧವನ್ನು ದಾಟುವುದಿಲ್ಲ. ಈಗ ಆ ಕರ್ಣ ಅಳಿಸಿ ಇನ್ನೊಂದು ಕರ್ಣ ಎಳೆಯಿರಿ. ಅದೇ ಮಾತು ಖಗ, ಘಕ ಗುಣಲಬ್ಧಗಳಿಗೂ ಅನ್ವಯಿಸುತ್ತದೆ. ಎರಡೂ ಲೆಕ್ಕಗಳನ್ನು ಕೂಡಿಸಿದರೆ ಹೊಲದ ಎರಡರಷ್ಟು, ನಾಲ್ಕು ಗುಣಲಬ್ಧಗಳ ಮೊತ್ತದ ಅರ್ಧವನ್ನು ಮೀರುವುದಿಲ್ಲ ಎಂದಾಗುತ್ತದೆ. ಇಲ್ಲಿಗೆ ರೇಖಾಗಣಿತದ ಕೆಲಸ ಮುಗಿಯಿತು, ಬೀಜಗಣಿತ ಕೈಹಾಕಬೇಕು. ಕಖ, ಖಗ, ಗಘ, ಘಕ ಎಂಬ ನಾಲ್ಕು ಪದಗಳನ್ನು ಅಪವರ್ತಿಸಿದರೆ ಕ ಕೂಡಿಸು ಗ ಒಂದು ಆವರಣ, ಖ ಕೂಡಿಸು ಘ ಇನ್ನೊಂದು ಆವರಣ. ಎಂಟನೆಯ ತರಗತಿಯ ಹುಡುಗಿ ಇದನ್ನು ಮಾಡಬಲ್ಲಳು. ಆ ಎರಡು ಆವರಣಗಳ ಗುಣಲಬ್ಧದ ಕಾಲುಭಾಗವೇ ನಮ್ಮ ಹಳೆಯ ರೂಢಿಯ ಉತ್ತರ. ಹೊಲ ಅದಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ನಾಲ್ಕೂ ಮೂಲೆಗಳು ಲಂಬಕೋನವಾದಾಗ ಮಾತ್ರ ಸಮ, ಉಳಿದೆಲ್ಲ ಆಕಾರದಲ್ಲೂ ಕಡಿಮೆ. ರೂಢಿಯ ಲೆಕ್ಕ ತಪ್ಪಿದಾಗಲೆಲ್ಲ ಒಂದೇ ಕಡೆಗೆ ತಪ್ಪುತ್ತದೆ, ಮಾರುವವನ ಕಡೆಗೆ.

ತಪ್ಪು ಎಷ್ಟೆಂದು ಹೇಳಲು ತ್ರಿಕೋನಮಿತಿ ಬೇಕು. ಓರೆಯಾದ ಬದುವಿಗೆ ಹೋಲಿಸಿದರೆ ಲಂಬ ಎಷ್ಟು ಪಾಲು ಎಂಬ ಸಂಖ್ಯೆಗೇ ಸೈನ್ ಎಂದು ಹೆಸರು. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಬೇಕು ಎಂದು ಮಕ್ಕಳು ಬಾಯಿಪಾಠ ಹೇಳುತ್ತಾರಲ್ಲ, ಅದು ಇದೇ. ನಮ್ಮ ಹತ್ತು ಸರಪಳಿಯ ಹೊಲದ ಮೂಲೆ 60 ಡಿಗ್ರಿ ಇದ್ದರೆ ಸೈನ್ 0.866, ಹೊಲ 86.6 ಗುಂಟೆ. 80 ಡಿಗ್ರಿ ಇದ್ದರೆ ಸೈನ್ 0.985, ಹೊಲ 98.5 ಗುಂಟೆ, ನಷ್ಟ ಒಂದೂವರೆ ಗುಂಟೆ ಮಾತ್ರ. ಹಳೆಯ ರೂಢಿ ಇಷ್ಟು ಕಾಲ ಬಾಳಿದ್ದಕ್ಕೆ ಕಾರಣವೂ ಇಲ್ಲೇ ಸಿಗುತ್ತದೆ: ಮೂಲೆಗಳು ಸ್ವಲ್ಪ ವಾಲಿದ ಹೊಲಗಳಲ್ಲಿ ಅದು ಕೈಕೊಡುವುದಿಲ್ಲ. ಹಿರಿಯರನ್ನು ದಡ್ಡರೆಂದು ತಳ್ಳಿಹಾಕದೆ, ಅವರ ರೂಢಿ ಎಲ್ಲಿಯವರೆಗೆ ಸರಿ ಎಂದು ಗೆರೆ ಎಳೆದು ತೋರಿಸುವ ಶಕ್ತಿ ಈ ವಿದ್ಯೆಗಿದೆ. ಮೂರು ಪಾಠಗಳೂ ಒಂದು ಹೊಲದಲ್ಲಿ ಸೇರಿದ್ದನ್ನು ಕಂಡ ವಿದ್ಯಾರ್ಥಿಗೆ ಸೈನ್ ಎನ್ನುವುದು ಆಕಾಶದಿಂದ ಬಿದ್ದ ಪದವಾಗಿ ಉಳಿಯುವುದಿಲ್ಲ.

ಇಂಥ ಲೆಕ್ಕಕ್ಕೆ ನಮ್ಮ ನೆಲ ಹೊಸದಲ್ಲ. ದುಬಲಗುಂಡಿಯಿಂದ ದಕ್ಷಿಣಕ್ಕೆ, ಪಕ್ಕದ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಜ್ಯೋತಿಷ್ಯದ ಬಾಲವಾಗಿ ಬರುತ್ತಿದ್ದ ಗಣಿತವನ್ನು ಬಿಡಿಸಿ, ಇಡಿಯಾಗಿ ಗಣಿತಕ್ಕೆಂದೇ ಮೀಸಲಿಟ್ಟ ಪುಸ್ತಕ ಅದು, 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಕ್ಷೇತ್ರಗಳ ಅಧ್ಯಾಯದಲ್ಲಿ ಮಹಾವೀರ ವಿಸ್ತೀರ್ಣಗಳನ್ನು ಎರಡು ಬಗೆಯಾಗಿ ಹೇಳುತ್ತಾನೆ: ಕೆಲಸ ನಡೆಸಲು ಸಾಕಾಗುವ ವ್ಯಾವಹಾರಿಕ ಲೆಕ್ಕ, ನಿಖರವಾದ ಸೂಕ್ಷ್ಮ ಲೆಕ್ಕ. ಎದುರುಬದುರು ಬದುಗಳ ಸರಾಸರಿ ಗುಣಿಸುವ ರೂಢಿ ಮೊದಲ ಬಗೆಯದು. ಅಂದಾಜು ಅಂದಾಜೇ ಎಂದು ಮುಚ್ಚುಮರೆಯಿಲ್ಲದೆ ಬರೆದಿಟ್ಟದ್ದು ಸಣ್ಣ ಮಾತಲ್ಲ, ಇಂದಿನ ಎಷ್ಟೋ ಮಾರ್ಗದರ್ಶಿ ಪುಸ್ತಕಗಳಿಗೆ ಆ ಪ್ರಾಮಾಣಿಕತೆ ಇಲ್ಲ. ಆದರೆ ಕತೆ ಇಲ್ಲಿಗೇ ಮುಗಿಯುವುದಿಲ್ಲ. ಸೂಕ್ಷ್ಮ ಲೆಕ್ಕಕ್ಕೆ ಮಹಾವೀರ ಕೊಟ್ಟ ಸೂತ್ರ ಹಿಂದಿನ ಗಣಿತಜ್ಞ ಬ್ರಹ್ಮಗುಪ್ತನಿಂದ ಬಂದದ್ದು: ನಾಲ್ಕು ಬದುಗಳ ಮೊತ್ತದ ಅರ್ಧದಿಂದ ಒಂದೊಂದೇ ಬದುವನ್ನು ಕಳೆದು, ನಾಲ್ಕು ಶೇಷಗಳನ್ನು ಗುಣಿಸಿ, ವರ್ಗಮೂಲ ತೆಗೆಯುವುದು. ನಮ್ಮ ಹೊಲಕ್ಕೆ ಹಾಕಿ ನೋಡಿ. ಮೊತ್ತದ ಅರ್ಧ 20 ಸರಪಳಿ, ಶೇಷ ನಾಲ್ಕೂ ಹತ್ತು ಹತ್ತು, ಗುಣಿಸಿ ಮೂಲ ತೆಗೆದರೆ ಮತ್ತೆ ನೂರು ಗುಂಟೆ! ಮೂಲೆ 60 ಡಿಗ್ರಿಗೆ ವಾಲಿದ ಹೊಲಕ್ಕೆ ಸೂಕ್ಷ್ಮ ಸೂತ್ರವೂ ರೂಢಿಯಷ್ಟೇ ತಪ್ಪು ಉತ್ತರ ಕೊಟ್ಟಿತು. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಕೂರುವ ಚತುರ್ಭುಜಕ್ಕೆ ಮಾತ್ರ ಆ ಸೂತ್ರ ನಿಜ, ಆ ಷರತ್ತು ಮಹಾವೀರನ ಸೂತ್ರದೊಡನೆ ಬಂದಿಲ್ಲ. ಮುನ್ನೂರು ವರ್ಷಗಳ ಮೇಲೆ, 1150ರ ಸುಮಾರಿಗೆ, ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಈ ಎಡವಟ್ಟನ್ನು ಸಿಟ್ಟಿನಿಂದಲೇ ಎತ್ತಿಕೊಂಡ. ಕರ್ಣವನ್ನೋ ಲಂಬವನ್ನೋ ಹೇಳದೆ ನಾಲ್ಕು ಬದು ಮಾತ್ರ ಕೊಟ್ಟು ವಿಸ್ತೀರ್ಣ ಕೇಳುವವನನ್ನು ಅವನು ಪಿಶಾಚಿಗಳ ಸಾಲಿಗೆ ಸೇರಿಸಿದ್ದಾನೆ. ಉತ್ತರ ಹೇಳಲು ಹೊರಡುವವನು ಅವನಿಗಿಂತ ದೊಡ್ಡ ಪಿಶಾಚಿ. ಮಹಾವೀರನಂಥ ದೊಡ್ಡವನ ಸೂತ್ರವೇ ಷರತ್ತು ತಪ್ಪಿದಾಗ ಹೀಗಾದರೆ, ಷರತ್ತು ಕೇಳದೆ ಸೂತ್ರ ನುಂಗುವ ಹದಿನೈದರ ಹುಡುಗನ ಪಾಡೇನು?

ಬೀಜಗಣಿತಕ್ಕೆ ಬರೋಣ. ಮಹಾವೀರನದೇ ಒಂದು ಲೆಕ್ಕದ ತಿರುಳು ಹೀಗಿದೆ: ಒಂಟೆಗಳ ಹಿಂಡಿನಲ್ಲಿ ಕಾಲುಭಾಗ ಕಾಡಿನಲ್ಲಿ ಕಂಡಿತು, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಕಡೆ ಹೋಯಿತು, ಮೂರೈದಲಿ ಹದಿನೈದು ಒಂಟೆ ಹೊಳೆಯ ದಡದಲ್ಲಿ ಉಳಿದವು, ಹಿಂಡು ಎಷ್ಟು? ಮೊದಲು ಎಣಿಸಬೇಕೆನ್ನುವವನಿಗೆ ಇದು ಗೊಂದಲ, ಯಾಕೆಂದರೆ ಕೇಳಿದ್ದು ಗೊತ್ತಿಲ್ಲದ ಸಂಖ್ಯೆ, ಅದರ ಮೂಲವೂ ಗೊತ್ತಿಲ್ಲ. ಬೀಜಗಣಿತ ಕೊಡುವ ಧೈರ್ಯ ಒಂದೇ: ಗೊತ್ತಿಲ್ಲದ್ದಕ್ಕೆ ಒಂದು ಹೆಸರಿಟ್ಟು, ಗೊತ್ತಿದೆಯೇನೋ ಎಂಬಂತೆ ಅದರೊಡನೆ ವ್ಯವಹಾರ ನಡೆಸು. ಹಿಂಡಿನ ವರ್ಗಮೂಲಕ್ಕೆ ಎಕ್ಸ್ ಎನ್ನಿ. ಹಿಂಡು ಎಕ್ಸ್ ವರ್ಗ. ಅದರ ಕಾಲುಭಾಗ, ಎರಡು ಎಕ್ಸ್, ಹದಿನೈದು, ಇವು ಮೂರೂ ಸೇರಿ ಎಕ್ಸ್ ವರ್ಗ. ನಾಲ್ಕರಿಂದ ಗುಣಿಸಿ ಪಕ್ಷಾಂತರಿಸಿದರೆ 3 ಎಕ್ಸ್ ವರ್ಗ ಕಳೆ 8 ಎಕ್ಸ್ ಕಳೆ 60 ಸಮ ಸೊನ್ನೆ. ಅಪವರ್ತಿಸಿದರೆ ಎಕ್ಸ್ ಬೆಲೆ 6, ಇಲ್ಲವೇ ಋಣ 10/3. ಒಂಟೆಗಳ ಸಂಖ್ಯೆಯ ಮೂಲ ಋಣವಾಗಲಾರದು, ಆದ್ದರಿಂದ 6, ಹಿಂಡು 36. ತಾಳೆ ನೋಡಿ: 9, 12, 15 ಕೂಡಿಸಿದರೆ 36. ಹತ್ತನೆಯ ತರಗತಿಯ ವರ್ಗ ಸಮೀಕರಣದ ಪಾಠ ಇದಕ್ಕಿಂತ ಒಂದು ಹೆಜ್ಜೆಯೂ ಆಚೆಗಿಲ್ಲ. ಇದರಲ್ಲಿ ಮೂರು ಕೆಲಸಗಳಿವೆ: ಮಾತನ್ನು ಸಮೀಕರಣ ಮಾಡುವುದು, ಸಮೀಕರಣ ಬಿಡಿಸುವುದು, ಬಂದ ಉತ್ತರಗಳಲ್ಲಿ ಯಾವುದನ್ನು ಒಪ್ಪಬೇಕು ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು. ನಾವು ನಡುವಿನದನ್ನು ಮಾತ್ರ ಅರೆದು ಅರೆದು ಕಲಿಸುತ್ತೇವೆ. ಮೊದಲನೆಯದನ್ನು ಬರಹದ ಲೆಕ್ಕ ಎಂದು ಹೆದರಿಸಿ ಕೊನೆಗೆ ದೂಡುತ್ತೇವೆ, ಮೂರನೆಯದನ್ನು ಪಾಠದಲ್ಲಿ ಹೇಳುವುದೇ ಇಲ್ಲ.

ತ್ರಿಕೋನಮಿತಿಗೂ ಬೀದರ್ ಸೀಮೆಗೂ ಇರುವ ನಂಟು ಇನ್ನೂ ಕಡಿಮೆ ಜನರಿಗೆ ಗೊತ್ತು. ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಶುರು ಮಾಡಿದ ಮಹಾ ತ್ರಿಕೋನಮಿತೀಯ ಸರ್ವೆ 1804ರಲ್ಲಿ ಬೆಂಗಳೂರಿನಲ್ಲಿ, 1811ರಲ್ಲಿ ಗುತ್ತಿಯಲ್ಲಿ ಆಧಾರರೇಖೆ ಅಳೆದು, 1815ರಲ್ಲಿ ಬೀದರಿನ ಬಳಿಯ ದಾಮರಗಿದ್ದಕ್ಕೆ ಬಂತು. ಆಗ ಬೀದರಿನ ಸುತ್ತಲೆಲ್ಲ ನಿಜಾಮರ ಸೀಮೆ. ಕೆಲಸದ ರೀತಿ ಹೀಗೆ: ಸಮತಟ್ಟು ನೆಲದಲ್ಲಿ ಕೆಲವು ಮೈಲಿ ಉದ್ದದ ಒಂದು ಗೆರೆಯನ್ನು ಮಾತ್ರ ಉಕ್ಕಿನ ಸರಪಳಿಯಿಂದ ಜೀವ ಹಿಡಿದು ಅಳೆಯುವುದು, ಅದರ ಎರಡು ತುದಿಗಳಿಂದ ದೂರದ ಗುಡ್ಡವೊಂದನ್ನು ಅರ್ಧ ಟನ್ ತೂಕದ ಥಿಯೊಡೊಲೈಟಿನಲ್ಲಿ ನೋಡಿ ಕೋನ ಓದುವುದು. ಒಂದು ಬಾಹು, ಎರಡು ಕೋನ ಗೊತ್ತಾದರೆ ತ್ರಿಭುಜ ಗಟ್ಟಿಯಾಯಿತು. ಉಳಿದೆರಡು ಬಾಹುಗಳನ್ನು ಲೆಕ್ಕದಿಂದ ಪಡೆದು, ಆ ಬಾಹುಗಳನ್ನೇ ಹೊಸ ತ್ರಿಭುಜಗಳ ಆಧಾರ ಮಾಡಿಕೊಂಡು ಮುಂದಿನ ಗುಡ್ಡಕ್ಕೆ ಹೋಗುವುದು. ಇದರ ಹಿಂದಿರುವ ನಿಯಮವನ್ನು ಹತ್ತನೆಯ ತರಗತಿಯಲ್ಲೇ ಸಾಧಿಸಬಹುದು: ಶೃಂಗದಿಂದ ಪಾದಕ್ಕೆ ಲಂಬ ಇಳಿಸಿದರೆ ಎರಡು ಲಂಬಕೋನ ತ್ರಿಭುಜಗಳಾಗುತ್ತವೆ, ಅದೇ ಲಂಬವನ್ನು ಎಡಗಡೆಯ ಸೈನ್‌ನಿಂದಲೂ ಬಲಗಡೆಯ ಸೈನ್‌ನಿಂದಲೂ ಬರೆಯಬಹುದು, ಎರಡೂ ಸಮ. ದಾಮರಗಿದ್ದದಲ್ಲಿ ಮತ್ತೆ ಸರಪಳಿ ಹಾಸಿದ್ದೇಕೆ ಎಂದರೆ ತಾಳೆಗಾಗಿ. ಗುತ್ತಿಯಿಂದ ತ್ರಿಭುಜಗಳ ಸರಣಿಯಲ್ಲಿ ಲೆಕ್ಕ ಹಾಕಿ ಬಂದ ಉದ್ದವೂ ನೆಲದ ಮೇಲೆ ಅಳೆದ ಉದ್ದವೂ ಹೊಂದಬೇಕು. ಕನ್ಯಾಕುಮಾರಿಯ ಬಳಿಯ ಪುನ್ನೈನಿಂದ ದಾಮರಗಿದ್ದದವರೆಗೆ, ಅಕ್ಷಾಂಶ 8 ಡಿಗ್ರಿ 9 ಕಲೆಯಿಂದ 18 ಡಿಗ್ರಿ 3 ಕಲೆಯವರೆಗೆ, ಅಳೆದ ಕಂಸದ ಫಲಿತಾಂಶ 1818ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಭೂಮಿ ಎಷ್ಟು ಚಪ್ಪಟೆ ಎಂಬ ಚರ್ಚೆಯಲ್ಲಿ ನಮ್ಮ ಎಲ್ಲೆಯ ಊರೊಂದು ಅಳತೆಗಲ್ಲಾಗಿ ನಿಂತಿತ್ತು. ಜಾಣ ಮಕ್ಕಳಿಗೆ ಇನ್ನೊಂದು ಮಾತು ಹೇಳಬಹುದು. ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ ಎಂಬುದಕ್ಕೂ ಒಂದು ಷರತ್ತಿದೆ: ನೆಲ ಸಮತಲವಾಗಿರಬೇಕು. ಭೂಮಿ ಗುಂಡಗಿರುವುದರಿಂದ ಆ ದೊಡ್ಡ ತ್ರಿಭುಜಗಳಲ್ಲಿ ಸುಮಾರು 197 ಚದರ ಕಿಲೋಮೀಟರಿಗೆ ಒಂದು ವಿಕಲೆಯಂತೆ ಮೊತ್ತ ಹೆಚ್ಚುತ್ತದೆ, ಸರ್ವೆಯವರು ಅದನ್ನೂ ಲೆಕ್ಕಕ್ಕೆ ಹಿಡಿದರು. ಶಾಲೆಯ ಮಟ್ಟದಲ್ಲಿ ಇದರ ಚಿಕ್ಕ ರೂಪ ಊರಿನ ನೀರಿನ ಟ್ಯಾಂಕು. ಬುಡಕ್ಕೆ ಹೋಗಲಾಗದಿದ್ದರೂ ದೂರದಿಂದ 30 ಡಿಗ್ರಿ ಉನ್ನತ ಕೋನ ಓದಿ, ನೇರ ಅದರ ಕಡೆ 20 ಮೀಟರ್ ನಡೆದು, 60 ಡಿಗ್ರಿ ಬಂದರೆ ಎತ್ತರ 17.3 ಮೀಟರ್. ಕೋನಮಾಪಕ, ದಾರ, ಒಂದು ಕಲ್ಲು, ಟೇಪು ಇದ್ದರೆ ಆಯಿತು. ಕಣ್ಣಿನ ಎತ್ತರ ಸೇರಿಸಲು ಮಾತ್ರ ಮರೆಯಬಾರದು.

ಈಗ ಆಕ್ಷೇಪಗಳು. ಇದೆಲ್ಲ ಕೇಳಲು ಚೆಂದ, ಆದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮಾರ್ಚಿನಲ್ಲಿ ಬಂದು ನಿಲ್ಲುತ್ತದೆ, ಹಿಂದುಳಿದ ಮಗುವಿಗೆ ಪಾಸಿಂಗ್ ಪ್ಯಾಕೇಜ್ ಕೊಡದೆ ಪ್ರಮೇಯದ ಕಾರಣ ಹೇಳುತ್ತಾ ಕೂತರೆ ಫೇಲಾಗುತ್ತದೆ ಎಂದು ಶಿಕ್ಷಕರು ಹೇಳುತ್ತಾರೆ. ಅವರ ಕಷ್ಟ ನಿಜವಾದದ್ದು, ಜನವರಿಯಲ್ಲಿ ಕೈಗೆ ಬಂದ ಮಗುವಿಗೆ ಅವರು ಮಾಡುವುದನ್ನು ನಾನು ಹಳಿಯುವುದಿಲ್ಲ. ಆದರೆ ಪ್ಯಾಕೇಜು ನಂಬುವುದು ನೆನಪನ್ನು. ನೆನಪಿನಲ್ಲಿ ಕಾರಣವಿಲ್ಲದೆ ಕೂತ ಸೂತ್ರ ಪರೀಕ್ಷೆಯ ಗಾಬರಿಯಲ್ಲಿ ಚಿಹ್ನೆ ಬದಲಿಸಿಕೊಳ್ಳುತ್ತದೆ, ಕೂಡಿಸುವುದು ಕಳೆಯುವುದಾಗುತ್ತದೆ, ಸೈನ್ ಜಾಗಕ್ಕೆ ಕಾಸ್ ಬರುತ್ತದೆ. ಕಾರಣ ಗೊತ್ತಿದ್ದವನು ಮರೆತದ್ದನ್ನು ಹಾಳೆಯ ಅಂಚಿನಲ್ಲಿ ಮತ್ತೆ ಕಟ್ಟಿಕೊಳ್ಳಬಲ್ಲ. 30, 60 ಡಿಗ್ರಿಗಳ ಕೋಷ್ಟಕ ಮರೆತರೆ ಬದಿ 2 ಇರುವ ಸಮಬಾಹು ತ್ರಿಭುಜ ಬರೆದು ನಡುವೆ ಲಂಬ ಇಳಿಸಿದರೆ ಸಾಕು: ಪಾದ 1, ವಿಕರ್ಣ 2, ಲಂಬ ಮೂರರ ವರ್ಗಮೂಲ. ಆರೂ ಬೆಲೆಗಳು ಅರ್ಧ ನಿಮಿಷದಲ್ಲಿ ಬರುತ್ತವೆ. ಎಂಟು, ಒಂಬತ್ತನೆಯ ತರಗತಿಗಳಲ್ಲಿ ಕಾರಣಕ್ಕೆ ಕೊಟ್ಟ ಸಮಯ ಹತ್ತನೆಯಲ್ಲಿ ಬಡ್ಡಿಸಮೇತ ಮರಳುತ್ತದೆ. ಹತ್ತನೆಯ ಜನವರಿಯಲ್ಲಿ ಕೊಡಲು ಹೊರಟರೆ ನಿಜಕ್ಕೂ ತಡವೇ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಭಿನ್ನರಾಶಿ ಕೂಡಿಸಲು, ಋಣ ಸಂಖ್ಯೆ ಗುಣಿಸಲು ಬಾರದ ಮಕ್ಕಳಿಗೆ ಸಾಧನೆ, ಪ್ರಮೇಯ ಎಲ್ಲಿಂದ ತಲುಪಬೇಕು? ಮೇಲಾಗಿ ನಮ್ಮ ಸೀಮೆಯಲ್ಲಿ ಸುಗ್ಗಿಗೆ, ಕಬ್ಬಿನ ಕಟಾವಿಗೆ, ಹೈದರಾಬಾದು ಪುಣೆಗಳ ಕೂಲಿಗೆ ಹೋಗುವ ಮನೆಗಳ ಮಕ್ಕಳು ವಾರಗಟ್ಟಲೆ ತರಗತಿ ತಪ್ಪಿಸುತ್ತಾರೆ. ಇತಿಹಾಸದಲ್ಲಿ ಒಂದು ಪಾಠ ತಪ್ಪಿದರೆ ಮುಂದಿನ ಪಾಠ ಅರ್ಥವಾಗುತ್ತದೆ, ಗಣಿತದಲ್ಲಿ ಹಾಗಾಗುವುದಿಲ್ಲ. ಒಪ್ಪಿದೆ. ಬೀಜಗಣಿತದ ಸೋಲು ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಭಿನ್ನರಾಶಿಯ ಸೋಲೇ. ಆದರೆ ಇದರಿಂದ ಕಾರಣ ಹೇಳಬಾರದು ಎಂಬ ತೀರ್ಮಾನ ಹುಟ್ಟುವುದಿಲ್ಲ, ಹುಟ್ಟುವುದು ತದ್ವಿರುದ್ಧ ತೀರ್ಮಾನ. ಎ ಕೂಡಿಸು ಬಿ, ಇಡೀ ವರ್ಗ ಎಂದರೆ ಎ ವರ್ಗ ಕೂಡಿಸು ಬಿ ವರ್ಗ ಎಂದು ಬರೆಯುವ ತಪ್ಪು ನೋಡಿ. ಎಲ್ಲ ಶಾಲೆಗಳಲ್ಲೂ, ಕನ್ನಡ, ಮರಾಠಿ, ಉರ್ದು ಯಾವ ಮಾಧ್ಯಮದಲ್ಲೂ ಸಿಗುವ ತಪ್ಪು ಅದು. ಕೆಂಪು ಶಾಯಿಯಲ್ಲಿ ಹೊಡೆದು ನಡುವೆ 2ಎಬಿ ಎಂದು ಹತ್ತು ಸಲ ಬರೆಸಿದರೂ ವಾರದಲ್ಲಿ ಮರಳುತ್ತದೆ. ಅಂಗಳದಲ್ಲಿ 12 ಅಡಿಯ ಚೌಕ ಗೀರಿ, ಎರಡೂ ಬದಿಯನ್ನು 10 ಮತ್ತು 2 ಅಡಿಗೆ ಒಡೆಯಿರಿ. ಒಂದು ಮೂಲೆಯಲ್ಲಿ 100, ಎದುರು ಮೂಲೆಯಲ್ಲಿ 4, ಮಿಕ್ಕೆರಡು ಪಟ್ಟಿಗಳು ತಲಾ 20. ಮಗು ಮರೆಯುತ್ತಿದ್ದದ್ದು ಆ ಎರಡು ಪಟ್ಟಿಗಳನ್ನು. 144 ಎಲ್ಲಿ, 104 ಎಲ್ಲಿ! ಭಿನ್ನರಾಶಿ ಬಾರದ ಮಗುವಿಗೂ ಇದು ಕಾಣುತ್ತದೆ. ಹಿಂದುಳಿದವರಿಗೆ ಬಾಯಿಪಾಠ, ಮುಂದಿರುವವರಿಗೆ ಕಾರಣ ಎಂಬ ಹಂಚಿಕೆ ನ್ಯಾಯವೂ ಅಲ್ಲ, ಫಲ ಕೊಡುವಂಥದ್ದೂ ಅಲ್ಲ.

ಇನ್ನು ಕೆಲವರು ಮೊಬೈಲು ತೋರಿಸುತ್ತಾರೆ. ಹೊಲದ ಸುತ್ತ ಒಂದು ಸುತ್ತು ಹಾಕಿದರೆ ಎಕರೆ ಗುಂಟೆ ಪರದೆಯ ಮೇಲೆ ಬರುತ್ತದೆ, ಸರ್ವೆಯವರೂ ಡ್ರೋನು, ಉಪಗ್ರಹಗಳಿಂದ ಜಾಗ ಗುರುತಿಸುವ ರೋವರ್ ಹಿಡಿದಿದ್ದಾರೆ, ಇನ್ನು ಸೈನ್ ಯಾಕೆ ಎನ್ನುತ್ತಾರೆ. ರೋವರಿನ ಒಳಗೆ ನಡೆಯುವುದೂ ಇದೇ ಕೆಲಸ. ಉಪಗ್ರಹಗಳಿಂದ ಬಂದ ಸಂಕೇತಗಳ ಸಮಯದಿಂದ ದೂರ ಕಂಡುಹಿಡಿದು ಮೂರು ದಿಕ್ಕಿನ ಸ್ಥಾನ, ಗಡಿಯಾರದ ತಪ್ಪು ಎಂಬ ನಾಲ್ಕು ಅಜ್ಞಾತಗಳನ್ನು ಬಿಡಿಸಬೇಕು, ಅದಕ್ಕೆ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಎರಡು ಚರಾಕ್ಷರಗಳ ಸಮೀಕರಣ ಜೋಡಿಯ ಪಾಠ ಓದಿದವನಿಗೆ ಇದು ಅದರ ದೊಡ್ಡಣ್ಣ ಎಂದು ಗೊತ್ತಾಗುತ್ತದೆ. ಕಿಸೆಯ ಮೊಬೈಲಿನ ಮಾತು ಬೇರೆ. ಅದು ಕೆಲವು ಮೀಟರ್ ಹೆಚ್ಚುಕಮ್ಮಿ ಹೇಳುವ ಯಂತ್ರ. ಸುಮಾರು 100 ಮೀಟರ್ ಬದುವಿನ ನಮ್ಮ ಚೌಕ ಹೊಲದಲ್ಲಿ ಉದ್ದ, ಅಗಲ ಎರಡರಲ್ಲೂ 3 ಮೀಟರ್ ತಪ್ಪಿದರೆ ವಿಸ್ತೀರ್ಣದಲ್ಲಿ ಆರು ಗುಂಟೆ ಏರುಪೇರು. ಯಾವ ಉತ್ತರವನ್ನು ಎಷ್ಟು ನಂಬಬೇಕು ಎಂದು ಯಂತ್ರ ತಾನಾಗಿ ಹೇಳುವುದಿಲ್ಲ.

ಜೀವನದಲ್ಲಿ ಇದೆಲ್ಲಿ ಉಪಯೋಗ ಎಂಬ ಪ್ರಶ್ನೆಗೆ ಗಣಿತದ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ಉಪಯೋಗಗಳ ಉದ್ದ ಪಟ್ಟಿ ಓದುತ್ತಾರೆ. ಆ ದಾರಿ ನನಗೆ ಅಷ್ಟು ಒಪ್ಪಿಗೆಯಿಲ್ಲ. ಹೊಲದ ಲೆಕ್ಕ ಉಪಯೋಗದ್ದು ನಿಜ. ಒಂಟೆಯ ಲೆಕ್ಕ ಯಾವ ಉಪಯೋಗದ್ದು? ಹಿಂಡಿನ ವರ್ಗಮೂಲ ತೆಗೆದು ಎಣಿಸುವ ದನಗಾಹಿ ರಾಷ್ಟ್ರಕೂಟರ ಕಾಲದಲ್ಲೂ ಇರಲಿಲ್ಲ. ಆದರೂ ಮಹಾವೀರ ಅದನ್ನು ಬರೆದ, ಜನ ಸಾವಿರ ವರ್ಷ ಬಿಡಿಸಿದರು. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲೇ ಬರೆದದ್ದಕ್ಕೂ ಪೇಟೆಯ ಅಗತ್ಯವೊಂದೇ ಕಾರಣವಾಗಿರಲಾರದು. ಹಿರಿಯರು ಇದಿಲ್ಲದೆ ಬಾಳಲಿಲ್ಲವೇ ಎಂಬ ಮಾತೂ ಪೂರ್ತಿ ನಿಜವಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ತೋಡಿದವರು ನೆಲದಡಿ ದೂರದವರೆಗೆ ನೀರು ತಾನಾಗಿ ಹರಿಯುವಷ್ಟು ಇಳಿಜಾರನ್ನು, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಹಿಡಿದು ನಡೆಸಿದರು. ಅದು ತ್ರಿಕೋನಮಿತಿಯೇ, ಆದರೆ ಕೆಲವು ಕೈಗಳಲ್ಲಿ ಮಾತ್ರ ಇದ್ದ ತ್ರಿಕೋನಮಿತಿ. ಪ್ರೌಢಶಾಲೆ ಹುಟ್ಟಿದ್ದು ಆ ಗುಟ್ಟನ್ನು ಎಲ್ಲರ ಮಕ್ಕಳಿಗೆ ಹಂಚಲು. ಹಂಚುವುದು ಬರಿಯ ಉತ್ತರವಾದರೆ, ಉತ್ತರ ತಪ್ಪಿದಾಗ ಪ್ರಶ್ನಿಸುವ ಹಕ್ಕು ಮತ್ತೆ ಕೆಲವರ ಕೈಯಲ್ಲೇ ಉಳಿಯುತ್ತದೆ. ಅಳತೆ ಮಾಡಿಸಿಕೊಂಡವನು ನಾಲ್ಕು ಬದುಗಳ ಲೆಕ್ಕ ಕೇಳಿ ತಲೆಯಾಡಿಸಿ ರುಜು ಹಾಕುತ್ತಾನೆ.

ಕೇಳುತ್ತಿರುವ ಶಿಕ್ಷಕರಿಗೂ ತಾಯಿತಂದೆಗಳಿಗೂ ಒಂದು ಕೋರಿಕೆ. ಬರುವ ಬೇಸಿಗೆಯಲ್ಲಿ, ರಾಶಿ ಮುಗಿದು ಹೊಲ ಬರಿದಾದಾಗ, ಎಂಟು ಒಂಬತ್ತನೆಯ ತರಗತಿಯ ಮಕ್ಕಳನ್ನು ಒಂದು ಟೇಪಿನೊಡನೆ ಹೊಲಕ್ಕೆ ಕರೆದೊಯ್ಯಿರಿ. ನಾಲ್ಕು ಬದು ಅಳೆಸಿ, ರೂಢಿಯ ಲೆಕ್ಕ ಮಾಡಿಸಿ. ಆಮೇಲೆ ಮೂಲೆಯಿಂದ ಮೂಲೆಗೆ ಒಂದು ಕರ್ಣ ಅಳೆಸಿ, ಎರಡು ತ್ರಿಭುಜಗಳಿಗೆ ಒಂಬತ್ತನೆಯ ತರಗತಿಯ ಹೆರಾನನ ಸೂತ್ರ ಹಾಕಿಸಿ. ಎರಡು ಉತ್ತರಗಳ ನಡುವಿನ ವ್ಯತ್ಯಾಸವನ್ನು ಗುಂಟೆಯಲ್ಲಿ ಬರೆಸಿ, ಯಾಕೆ ಬಂತು ಎಂದು ಮಕ್ಕಳೇ ಹೇಳುವವರೆಗೆ ಸುಮ್ಮನಿರಿ. ಶಿಕ್ಷಕರಿಗೆ ಕಷ್ಟವಾಗುವುದು ಈ ಸುಮ್ಮನಿರುವುದೇ. ಪಹಣಿಯಲ್ಲಿರುವ ವಿಸ್ತೀರ್ಣವನ್ನೂ ಪಕ್ಕಕ್ಕಿಟ್ಟು ನೋಡಬಹುದು. ಅದಕ್ಕೂ ನಿಮ್ಮ ಲೆಕ್ಕಕ್ಕೂ ಒಂದೆರಡು ಗುಂಟೆ ಹೆಚ್ಚುಕಮ್ಮಿ ಬಂದರೆ, ನೆರೆಹೊಲದವನೊಡನೆ ಜಗಳಕ್ಕೆ ನಿಲ್ಲುವ ಮೊದಲು ಇನ್ನೊಂದು ಕರ್ಣ ಹಿಡಿದು ಮತ್ತೊಮ್ಮೆ ಅಳೆಯಿರಿ.